ಹಿಂಡಿ ಬದಲಿಸಿದ ಮೇಲೆ ಕೋಳಿ ಸೊರಗಿದರೆ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಸೋಯಾ ಬೆಲೆ ಏರಿದಾಗಲೆಲ್ಲ, ಫೀಡ್ ಸ್ವಂತ ಮಾಡಿಕೊಳ್ಳುವವರು ಬೇರೆ ಹಿಂಡಿಯ ಕಡೆ ತಿರುಗುತ್ತಾರೆ. 2021ರಲ್ಲಿ ಬೆಲೆ ಎಷ್ಟು ಕೈಮೀರಿತ್ತೆಂದರೆ, ಆ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಹಿಂಡಿಗೇನೂ ಬರ ಇಲ್ಲ. ಚಳ್ಳಕೆರೆ, ಪಾವಗಡದ ಕಡೆ ಕಡಲೆಕಾಯಿ ಹಿಂಡಿ ಸಿಗುತ್ತದೆ. ರಾಯಚೂರು, ಕೊಪ್ಪಳದಲ್ಲಿ ಸೂರ್ಯಕಾಂತಿ, ವಿಜಯಪುರ, ಕಲಬುರಗಿಯಲ್ಲಿ ಕುಸುಬೆ, ತಿಪಟೂರಿನ ಕಡೆ ಕೊಬ್ಬರಿ ಹಿಂಡಿ. ಸೋಯಾ ಚೀಲ ತೆಗೆದು ಅಷ್ಟೇ ಕೆಜಿ ಇನ್ನೊಂದನ್ನು ಸುರಿಯುವುದು ಸುಲಭ. ಸುರಿದ ಎರಡು ವಾರಕ್ಕೆ ಮರಿ ಬೆಳೀತಿಲ್ಲ, ಮೊಟ್ಟೆ ಸಣ್ಣ ಆಯ್ತು, ಲಿಟರ್ (ಶೆಡ್ಡಿನ ನೆಲದ ಹಾಸು) ಒದ್ದೆ ಆಯ್ತು ಅಂತ ಗೋಳು ಶುರುವಾಗುತ್ತದೆ. ಆಮೇಲೆ "ಈ ಹಿಂಡಿ ಕೋಳಿಗೆ ಆಗಲ್ಲ ಬಿಡಿ" ಅನ್ನೋ ತೀರ್ಮಾನ.

ಹಿಂಡಿ ಆಗಲ್ಲ ಅನ್ನೋದು ಅಪರೂಪ. ಚೀಲದ ಮೇಲಿನ ಪ್ರೋಟೀನ್ ಶೇಕಡಾ ನೋಡಿ ಬದಲಿಸಿದ್ದೇ ಬಹಳ ಸಲ ಎಡವಟ್ಟು. ಆ ಸಂಖ್ಯೆ ಕೋಳಿಗೆ ಏನು ದಕ್ಕುತ್ತದೆ ಅಂತ ಹೇಳುವುದಿಲ್ಲ.

ಕಂಪನಿ ಜೊತೆ ಒಪ್ಪಂದದ ಮೇಲೆ ಬ್ರಾಯ್ಲರ್ ಸಾಕುವವರಿಗೆ ಫೀಡ್ ಕಂಪನಿಯೇ ಕಳಿಸುತ್ತದೆ, ಅಂಥವರಿಗೆ ಇದು ಅಷ್ಟಾಗಿ ಬೇಕಾಗಲ್ಲ. ಮನೆಯಲ್ಲೇ ಮಿಕ್ಸ್ ಮಾಡುವವರು, ಗಿರಿರಾಜ, ಸ್ವರ್ಣಧಾರದಂಥ ಹಿತ್ತಲ ತಳಿ, ನಾಟಿ ಕೋಳಿ ಸಾಕುವವರು, ಸಣ್ಣ ಲೇಯರ್ (ಮೊಟ್ಟೆ ಕೋಳಿ) ಶೆಡ್ ಇರುವವರು ಓದಿ.

ಮೊದಲು ತಾರೀಖು ನೋಡಿ

ಕ್ಯಾಲೆಂಡರ್ ಮುಂದೆ ಕೂತು ಎರಡು ತಾರೀಖು ಬರೆದುಕೊಳ್ಳಿ. ಹೊಸ ಹಿಂಡಿ ಫೀಡರಿಗೆ ಬಿದ್ದ ದಿನ ಒಂದು, ತೊಂದರೆ ಕಣ್ಣಿಗೆ ಬಿದ್ದ ದಿನ ಇನ್ನೊಂದು. ತೊಂದರೆ ಮೊದಲೇ ಇದ್ದರೆ ಹಿಂಡಿಯನ್ನು ಬಿಟ್ಟುಬಿಡಿ, ಕಾರಣ ಬೇರೆ ಇದೆ. ಅದೇ ದಿನವೋ ಮರುದಿನವೋ ತಿನ್ನುವುದು ಕಡಿಮೆ ಆದರೆ ಅದು ರುಚಿ, ವಾಸನೆ ಅಥವಾ ಪುಡಿಯ ಗಾತ್ರದ ವಿಷಯ. ಒಂದು ವಾರದಿಂದ ಹದಿನೈದು ದಿನದ ಒಳಗೆ ಮರಿಗಳಲ್ಲಿ ಏರುಪೇರು ಕಂಡರೆ ಅಮೈನೋ ಆಮ್ಲದ ಕೊರತೆ ಇರಬಹುದು. ಮೊಟ್ಟೆಯ ಹಳದಿಗೆ ಸಂಬಂಧಿಸಿದ್ದು ಸ್ವಲ್ಪ ತಡ. ಒಂದು ಹಳದಿ ದಪ್ಪ ಆಗೋಕೆ ಕೋಳಿಯ ಒಳಗೆ ಸುಮಾರು 7ರಿಂದ 10 ದಿನ ಬೇಕು. ಹಾಗಾಗಿ ಅಲ್ಲಿ ತೊಂದರೆ ಬರೋದೂ ನಿಧಾನ, ಹೋಗೋದೂ ನಿಧಾನ. ಹಿಂಡಿ ನಿಲ್ಲಿಸಿದ ಮೂರನೇ ದಿನಕ್ಕೆ "ಏನೂ ಸರಿ ಹೋಗಿಲ್ಲ" ಅಂತ ತೀರ್ಮಾನ ಮಾಡಬೇಡಿ.

ಎರಡನೆಯದು, ಪಾಲು ಹಾಕಿ ನೋಡುವುದು. ಶೆಡ್ಡಿನ ಒಂದು ಮೂಲೆಗೆ ಜಾಲರಿ ಕಟ್ಟಿ, ಅದೇ ವಯಸ್ಸಿನ ಇಪ್ಪತ್ತು ಕೋಳಿ ಅಲ್ಲಿ ಬಿಡಿ. ಅವಕ್ಕೆ ಹಳೇ ಫೀಡ್, ಉಳಿದವಕ್ಕೆ ಹೊಸದು. ನೀರು, ಲಿಟರ್, ಬೆಳಕು ಎಲ್ಲ ಒಂದೇ. ಒಂದು ವಾರ ತೂಗಿ ನೋಡಿ. ಎರಡೂ ಕಡೆ ಸೊರಗಿದರೆ ಅದು ರೋಗ, ಬಿಸಿಲು ಅಥವಾ ನೀರಿನ ಸಮಸ್ಯೆ. ಹೊಸ ಫೀಡಿನವು ಮಾತ್ರ ಹಿಂದೆ ಬಿದ್ದರೆ ತಪ್ಪು ಫೀಡಿನಲ್ಲೇ ಇದೆ. ಲ್ಯಾಬಿಗೆ ಓಡುವ ಮೊದಲು ಇದನ್ನು ಮಾಡಿ, ಖರ್ಚು ಏನೂ ಇಲ್ಲ. ಜನ ಮಾಡದೇ ಬಿಡುವುದೂ ಇದನ್ನೇ.

ಹಿಕ್ಕೆಯಲ್ಲಿ ರಕ್ತ, ಕತ್ತು ತಿರುಚಿಕೊಳ್ಳುವುದು, ಗೊರಗೊರ ಉಸಿರು, ಹಸಿರು ಭೇದಿ, ಇವು ಕಂಡರೆ ಹಿಂಡಿ ಚರ್ಚೆ ನಿಲ್ಲಿಸಿ ಪಶುವೈದ್ಯರನ್ನು ಕರೆಸಿ. ರಕ್ತಭೇದಿಗೂ ಕೊಕ್ಕರೆ ರೋಗಕ್ಕೂ (ರಾಣಿಖೇತ್) ಫೀಡ್ ಬದಲಿಸಿ ಪ್ರಯೋಜನ ಇಲ್ಲ.

ತಿನ್ನುತ್ತಲೇ ಇಲ್ಲ

ಫೀಡರ್‌ನಲ್ಲಿ ಉಳಿದಿದ್ದನ್ನು ಅಂಗೈಗೆ ಹಾಕಿಕೊಂಡು ನೋಡಿ. ಮೆಕ್ಕೆಜೋಳದ ಚೂರೆಲ್ಲ ಖಾಲಿ ಆಗಿ ಹಿಂಡಿಯ ಪುಡಿ ಮಾತ್ರ ತಳದಲ್ಲಿ ಕೂತಿದ್ದರೆ, ಕೋಳಿ ಆರಿಸಿ ತಿಂದಿದೆ ಅಂತ ಅರ್ಥ. ಹಿಂಡಿ ತೀರಾ ನುಣ್ಣಗೆ ಆಗಿದೆ, ಜೋಳ ದಪ್ಪ ಉಳಿದಿದೆ. ಉಲ್ಟಾನೂ ಆಗುತ್ತದೆ. ಗಾಣದ ಕಡಲೆಕಾಯಿ ಹಿಂಡಿ ಬಿಲ್ಲೆ ಕಲ್ಲಿನ ಹಾಗೆ ಗಟ್ಟಿ ಇರುತ್ತೆ, ಸರಿಯಾಗಿ ಒಡೆಯದಿದ್ದರೆ ಆ ಚೂರುಗಳನ್ನು ಮರಿಗಳು ಮುಟ್ಟುವುದಿಲ್ಲ. ಹ್ಯಾಮರ್ ಮಿಲ್ಲಿನ ಜರಡಿ ಬದಲಿಸಿದರೆ ಎರಡೂ ಸರಿಯಾಗುತ್ತದೆ.

ಪುಡಿ ಸರಿ ಇದ್ದೂ ತಿನ್ನದಿದ್ದರೆ ಮೂಸಿ. ಗಾಣದ ಹಿಂಡಿಯಲ್ಲಿ ಎಣ್ಣೆ ಶೇ 6ರಿಂದ 10ರವರೆಗೂ ಉಳಿದಿರುತ್ತದೆ, ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ಇಟ್ಟರೆ ಕಮಟು ಹಿಡಿಯುತ್ತದೆ. ಕೊಬ್ಬರಿ ಹಿಂಡಿಯದೂ ಅದೇ ಪಾಡು. ಕಮಟು ಫೀಡಿನಲ್ಲಿ ವಿಟಮಿನ್ ಇ ಹಾಳಾಗುತ್ತದೆ, ಮರಿಗಳು ತಲೆ ಹಿಂದಕ್ಕೆ ಎಳೆದುಕೊಂಡು ಉರುಳಿ ಬೀಳುವವರೆಗೂ ಹೋಗಬಹುದು. ಕಮಟು ಬಂದ ಚೀಲಕ್ಕೆ ಬೆಲ್ಲ ಬೆರೆಸಿ ತಿನ್ನಿಸುವ ಉಪಾಯ ಬೇಡ. ಡಿಒಸಿ, ಅಂದರೆ ಎಣ್ಣೆ ಪೂರ್ತಿ ತೆಗೆದ ಹಿಂಡಿ, ಈ ವಿಷಯದಲ್ಲಿ ವಾಸಿ. ಆದರೆ ಎಣ್ಣೆ ಹೋದ ಮೇಲೆ ಶಕ್ತಿಯೂ ಕಡಿಮೆ ಆಗುತ್ತದೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಬೇಡಿ.

ಕುಸುಬೆ ಮತ್ತು ಸಾಸಿವೆ ಹಿಂಡಿ ಸಹಜವಾಗಿಯೇ ಕಹಿ. ಶೇ 5 ದಾಟಿಸದಿದ್ದರೆ ಒಳ್ಳೇದು. ಯಾವ ಹಿಂಡಿಯಾದರೂ ಒಂದೇ ದಿನಕ್ಕೆ ಪೂರ್ತಿ ಬದಲಿಸಬೇಡಿ, ಒಂದು ವಾರ ತಗೊಂಡು ಕಾಲು ಕಾಲು ಭಾಗ ಏರಿಸಿ.

ತಿನ್ನುತ್ತೆ, ತೂಕ ಮಾತ್ರ ಬರ್ತಿಲ್ಲ

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಸೋಯಾ ಹಿಂಡಿಯಲ್ಲೂ ಪ್ರೋಟೀನ್ ಸುಮಾರು 45, ಒಳ್ಳೆ ಕಡಲೆಕಾಯಿ ಹಿಂಡಿಯಲ್ಲೂ ಸುಮಾರು 45. ಅದಲು ಬದಲು ಮಾಡಿದರೆ ಏನು ತಪ್ಪು ಅಲ್ವಾ? ತಪ್ಪು ಲೈಸಿನ್‌ನಲ್ಲಿದೆ. ಪ್ರೋಟೀನ್ ಅನ್ನೋದು ಹಲವು ಅಮೈನೋ ಆಮ್ಲಗಳ ಸರ. ಅದರಲ್ಲಿ ಲೈಸಿನ್, ಮೆಥಿಯೋನಿನ್ ಕೋಳಿ ತಾನಾಗಿ ಮಾಡಿಕೊಳ್ಳಲಾರದು. ಸೋಯಾ ಹಿಂಡಿಯಲ್ಲಿ ಲೈಸಿನ್ ಸುಮಾರು ಶೇ 2.8, ಕಡಲೆಕಾಯಿ ಹಿಂಡಿಯಲ್ಲಿ ಸುಮಾರು ಶೇ 1.5. ಹೆಚ್ಚು ಕಡಿಮೆ ಅರ್ಧ. ಅದರ ಮೇಲೆ ಕಡಲೆಕಾಯಿಯಲ್ಲಿ ಅರ್ಜಿನಿನ್ ಅನ್ನೋ ಇನ್ನೊಂದು ಆಮ್ಲ ತುಂಬ ಜಾಸ್ತಿ. ಒಂದು ತೀರಾ ಕಡಿಮೆ, ಇನ್ನೊಂದು ತೀರಾ ಜಾಸ್ತಿ, ಹೀಗೆ ಪ್ರಮಾಣ ತಪ್ಪಿದರೆ ಮರಿಗೆ ಒಳ್ಳೇದಲ್ಲ.

ಲೆಕ್ಕ ಹಾಕಿ ನೋಡೋಣ. 100 ಕೆಜಿ ಫೀಡಿನಲ್ಲಿ 25 ಕೆಜಿ ಸೋಯಾ ಇತ್ತು ಅಂದುಕೊಳ್ಳಿ. ಅರ್ಧ ತೆಗೆದು 12.5 ಕೆಜಿ ಕಡಲೆಕಾಯಿ ಹಿಂಡಿ ಹಾಕಿದಿರಿ. ಹೋದ ಲೈಸಿನ್ 350 ಗ್ರಾಂ, ಬಂದ ಲೈಸಿನ್ ಸುಮಾರು 188 ಗ್ರಾಂ. ಕೊರತೆ 162 ಗ್ರಾಂ. ಅಂಗಡಿಯಲ್ಲಿ ಸಿಗುವ ಎಲ್-ಲೈಸಿನ್ ಪುಡಿಯಲ್ಲಿ ನಿಜವಾದ ಲೈಸಿನ್ ಶೇ 78ರ ಆಸುಪಾಸು. ಅಂದರೆ 100 ಕೆಜಿಗೆ ಸುಮಾರು 205 ಗ್ರಾಂ ಪುಡಿ ಬೇಕು. ಮೆಥಿಯೋನಿನ್ ಅಂತರ ಚಿಕ್ಕದು, 15ರಿಂದ 20 ಗ್ರಾಂ ಸಾಕು. ಅಷ್ಟು ಪುಡಿಯ ದುಡ್ಡು ಸೇರಿಸಿಯೂ ಕಡಲೆಕಾಯಿ ಹಿಂಡಿ ಅಗ್ಗ ಬಿದ್ದರೆ ಬದಲಿಸಿ. ಇಲ್ಲದಿದ್ದರೆ ಸೋಯಾನೇ ವಾಸಿ. ಅನೇಕರು ಈ ಲೆಕ್ಕವನ್ನು ಕೊನೆಗೆ ಹಾಕುತ್ತಾರೆ, ಬ್ಯಾಚ್ ಹೋದ ಮೇಲೆ.

ಲೈಸಿನ್ ಕೊರತೆಯ ಗುರುತು ಏನು? ಸಾವು ಇರುವುದಿಲ್ಲ. ಒಂದೇ ಬ್ಯಾಚಿನಲ್ಲಿ ದಪ್ಪ ಮರಿ, ಪುಟ್ಟ ಮರಿ ಬೆರೆತಿರುತ್ತವೆ. ಎದೆಯ ಮಾಂಸ ತುಂಬಿರುವುದಿಲ್ಲ, ಬೆರಳಿಟ್ಟರೆ ಎದೆಮೂಳೆ ಚೂಪಾಗಿ ಸಿಗುತ್ತದೆ. ಫೀಡ್ ಮಾತ್ರ ಮಾಮೂಲಿಗಿಂತ ಜಾಸ್ತಿ ಖರ್ಚಾಗುತ್ತಿರುತ್ತದೆ. ಅಮೆರಿಕದ ಎನ್‌ಆರ್‌ಸಿ (ರಾಷ್ಟ್ರೀಯ ಸಂಶೋಧನಾ ಮಂಡಳಿ) 1994ರ ಪೋಷಕಾಂಶದ ಪಟ್ಟಿ ಮೊದಲ ಮೂರು ವಾರದ ಬ್ರಾಯ್ಲರ್‌ಗೆ ಶೇ 23 ಪ್ರೋಟೀನ್, ಶೇ 1.1 ಲೈಸಿನ್ ಹೇಳುತ್ತದೆ. ಈಗಿನ ತಳಿಗಳಿಗೆ ಅದಕ್ಕಿಂತ ಜಾಸ್ತಿಯೇ ಬೇಕು. ಗಿರಿರಾಜ ಅಷ್ಟು ಓಡುವ ತಳಿ ಅಲ್ಲ, ಸ್ವಲ್ಪ ತಡೆದುಕೊಳ್ಳುತ್ತದೆ. ಆದ್ದರಿಂದ ಪಕ್ಕದ ಊರಿನವರ ಗಿರಿರಾಜಕ್ಕೆ ಆಗಿದ್ದು ನಿಮ್ಮ ಬ್ರಾಯ್ಲರ್‌ಗೆ ಆಗುತ್ತೆ ಅಂತ ನಂಬಬೇಡಿ.

ಲೈಸಿನ್ ಹಾಕಿದೆವು, ಆದರೂ ಸರಿ ಹೋಗಿಲ್ಲ ಅಂದರೆ ಮಿಕ್ಸಿಂಗ್ ನೋಡಿ. ಇನ್ನೂರು ಗ್ರಾಂ ಪುಡಿಯನ್ನು ನೇರ ಕ್ವಿಂಟಾಲ್ ರಾಶಿಯ ಮೇಲೆ ಚಿಮುಕಿಸಿ ಸಲಿಕೆಯಲ್ಲಿ ಎರಡು ಸಲ ಮಗುಚಿದರೆ ಅದು ಒಂದು ಮೂಲೆಯಲ್ಲೇ ಕೂತಿರುತ್ತದೆ. ಮೊದಲು ಒಂದು ಕೆಜಿ ಜೋಳದ ಹಿಟ್ಟಿಗೆ ಬೆರೆಸಿ, ಅದನ್ನು ಐದು ಕೆಜಿಗೆ, ಅದನ್ನು ಇಪ್ಪತ್ತಕ್ಕೆ, ಕೊನೆಗೆ ಪೂರ್ತಿ ರಾಶಿಗೆ ಸೇರಿಸಿ. ಮೆಥಿಯೋನಿನ್, ವಿಟಮಿನ್, ಮಿನರಲ್ ಎಲ್ಲಕ್ಕೂ ಇದೇ ಕ್ರಮ.

ಸೂರ್ಯಕಾಂತಿ ಹಿಂಡಿಯ ಕಥೆ ಬೇರೆ. ಅದರಲ್ಲಿ ಮೆಥಿಯೋನಿನ್ ಚೆನ್ನಾಗಿದೆ, ವಿಷ ಅನ್ನೋದು ಹೆಚ್ಚೇನೂ ಇಲ್ಲ, ಎಲ್ಲ ಹಿಂಡಿಗಳಲ್ಲಿ ನನಗೆ ತೀರಾ ನಂಬಿಕೆಯದ್ದು ಅದೇ. ಆದರೆ ಸಿಪ್ಪೆ ತೆಗೆಯದೆ ಅರೆದ ಹಿಂಡಿಯಲ್ಲಿ ನಾರು ಶೇ 20 ದಾಟುತ್ತದೆ, ಪ್ರೋಟೀನ್ 28ರಿಂದ 30 ಅಷ್ಟೇ. ಕೈಯಲ್ಲಿ ಹಿಡಿದರೆ ಕಪ್ಪು ಬಿಳಿ ಗೆರೆಯ ಸಿಪ್ಪೆಚೂರು ಕಣ್ಣಿಗೇ ಕಾಣುತ್ತದೆ. 12.5 ಕೆಜಿ ಸೋಯಾ ಜಾಗಕ್ಕೆ ಅಷ್ಟೇ ಕೆಜಿ ಇದನ್ನು ಹಾಕಿದರೆ ಫೀಡಿನ ಪ್ರೋಟೀನ್ ಎರಡು ಅಂಶ ಇಳಿಯುತ್ತದೆ, ಶಕ್ತಿಯೂ ಇಳಿಯುತ್ತದೆ. ಕೋಳಿ ಶಕ್ತಿಗಾಗಿ ಜಾಸ್ತಿ ತಿನ್ನುತ್ತದೆ. ಮರಿಯ ಹೊಟ್ಟೆ ಚಿಕ್ಕದು, ಜಾಸ್ತಿ ತಿನ್ನೋಕೆ ಜಾಗ ಎಲ್ಲಿದೆ? ಹಾಗಾಗಿ ಮರಿಗಳಿಗೆ ಶೇ 5, ಮೊಟ್ಟೆ ಕೋಳಿಗೆ ಶೇ 10ರಿಂದ 15, ಜೊತೆಗೆ ಸ್ವಲ್ಪ ಎಣ್ಣೆ ಮತ್ತು ಲೈಸಿನ್. ಇದರಲ್ಲೂ ಲೈಸಿನ್ ಕಡಿಮೆಯೇ.

ಎಳ್ಳಿನ ಹಿಂಡಿಯಲ್ಲಿ ಮೆಥಿಯೋನಿನ್ ಧಾರಾಳ, ಲೈಸಿನ್ ಇಲ್ಲಿಯೂ ಕಡಿಮೆ. ಕಡಲೆಕಾಯಿ ಜೊತೆ ಸ್ವಲ್ಪ ಎಳ್ಳು ಬೆರೆಸುವ ಹಳೆ ಪದ್ಧತಿಯಿಂದ ಮೆಥಿಯೋನಿನ್ ಸರಿಹೋಗುತ್ತದೆ, ಲೈಸಿನ್ ಸರಿಹೋಗುವುದಿಲ್ಲ. ಎರಡು ಹಿಂಡಿ ಬೆರೆಸಿದ್ದೀವಿ, ಇನ್ನೇನು ಚಿಂತೆ ಅನ್ನುವವರು ಇದನ್ನು ನೆನಪಿಡಿ.

ಇನ್ನು ಸುಟ್ಟ ಹಿಂಡಿ. ಮಿಲ್ಲಿನಲ್ಲಿ ಬಿಸಿ ಮಿತಿಮೀರಿದರೆ ಲೈಸಿನ್ ಸಕ್ಕರೆ ಅಂಶದ ಜೊತೆ ಕಚ್ಚಿಕೊಂಡು ಕೋಳಿಗೆ ದಕ್ಕದಂತಾಗುತ್ತದೆ. ಲ್ಯಾಬಿನ ಪ್ರೋಟೀನ್ ವರದಿಯಲ್ಲಿ ಏನೂ ಗೊತ್ತಾಗುವುದಿಲ್ಲ, ಸಂಖ್ಯೆ ಹಾಗೇ ಇರುತ್ತದೆ. ಕಡುಕಂದು ಬಣ್ಣ, ಹುರಿದು ಸೀದ ವಾಸನೆ ಇದ್ದರೆ ಆ ಲಾಟ್ ತಗೋಬೇಡಿ.

ಇದಕ್ಕೆ ವಿರುದ್ಧದ ತಪ್ಪು ಬೇಯದ ಸೋಯಾ. ಬೀದರ, ಧಾರವಾಡ, ಬೆಳಗಾವಿ ಕಡೆ ಸೋಯಾ ಬೆಳೆಯುವವರು ಮನೆಯ ಕಾಳನ್ನೇ ಬೀಸಿ ಹಾಕಿಬಿಡುತ್ತಾರೆ. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ತಡೆಯುವ ಅಂಶ ಇದೆ, ಪ್ರೋಟೀನ್ ಜೀರ್ಣವೇ ಆಗುವುದಿಲ್ಲ. ಮರಿಯ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ಹಿಕ್ಕೆ ಅಂಟಂಟಾಗಿ ಹಿಂಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಮುಚ್ಚಳ ಇರುವ ಬಾಟಲಿಯಲ್ಲಿ ಎರಡು ಚಮಚ ಸೋಯಾ ಪುಡಿ, ಚಿಟಿಕೆ ಯೂರಿಯಾ, ಸ್ವಲ್ಪ ಬೆಚ್ಚಗಿನ ನೀರು ಹಾಕಿ ಕುಲುಕಿ, ಕಾಲು ಗಂಟೆ ಬಿಡಿ. ಮುಚ್ಚಳ ತೆಗೆದಾಗ ಮೂಗಿಗೆ ಅಮೋನಿಯಾ ಹೊಡೆದರೆ, ಅಥವಾ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಬಾಟಲಿಯ ಬಾಯಿಗೆ ಹಿಡಿದಾಗ ನೀಲಿ ಆದರೆ, ಸೋಯಾ ಬೆಂದಿಲ್ಲ. ಹಸಿ ಸೋಯಾದಲ್ಲಿರುವ ಯೂರಿಯೇಸ್ ಕಿಣ್ವ ಯೂರಿಯಾವನ್ನು ಅಮೋನಿಯಾ ಮಾಡುತ್ತದೆ, ಬೆಂದರೆ ಅದು ಸಾಯುತ್ತದೆ. ಲ್ಯಾಬಿನವರು ಯೂರಿಯೇಸ್ ಸಂಖ್ಯೆ 0.05ರಿಂದ 0.20ರ ಒಳಗೆ ಇರಬೇಕು ಅನ್ನುತ್ತಾರೆ. ಕೆಒಎಚ್ ಕರಗುವಿಕೆ, ಅಂದರೆ ಆ ಕ್ಷಾರದಲ್ಲಿ ಕರಗುವ ಪ್ರೋಟೀನಿನ ಪಾಲು, ಶೇ 70ರಿಂದ 85ರ ನಡುವೆ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಸುಟ್ಟಿದೆ, ಜಾಸ್ತಿ ಇದ್ದರೆ ಹಸಿ.

ಚೀಟಿಯಲ್ಲಿ 42, ನಿಜದಲ್ಲಿ 35

ಅದೇ ಲಿಟ್ಮಸ್ ಇನ್ನೊಂದು ಕೆಲಸಕ್ಕೂ ಬರುತ್ತದೆ. ಲ್ಯಾಬು ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತದೆ. ಯೂರಿಯಾದಲ್ಲಿ ಸಾರಜನಕ ಶೇ 46. ಗುಣಿಸಿದರೆ ಯೂರಿಯಾ 287 ಶೇಕಡಾ "ಪ್ರೋಟೀನ್" ಆಗಿಬಿಡುತ್ತದೆ! ಶೇ 35ರ ಹಿಂಡಿಗೆ ಕ್ವಿಂಟಾಲಿಗೆ ಮೂರು ಕೆಜಿ ಯೂರಿಯಾ ಬೆರೆಸಿದರೆ ಕಾಗದದ ಮೇಲೆ ಶೇ 42 ದಾಟುತ್ತದೆ. ದನವಾದರೂ ಹೊಟ್ಟೆಯ ಸೂಕ್ಷ್ಮಜೀವಿಗಳಿಂದ ಯೂರಿಯಾವನ್ನು ಸ್ವಲ್ಪ ಬಳಸಿಕೊಳ್ಳುತ್ತದೆ, ಕೋಳಿಗೆ ಆ ಭಾಗ್ಯವೂ ಇಲ್ಲ.

ಹಾಲಿನಲ್ಲಿ ಯೂರಿಯಾ ಪತ್ತೆಗೆ ತೊಗರಿ ಪುಡಿ ಬಳಸುವ ಪರೀಕ್ಷೆ ಇದೆಯಲ್ಲ, ಅದನ್ನೇ ಇಲ್ಲಿ ಮಾಡಿ. ಒಂದು ಚಮಚ ಹಿಂಡಿ ಪುಡಿಯನ್ನು ನಾಲ್ಕೈದು ಚಮಚ ನೀರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಿ. ಸೋಸಿದ ನೀರಿಗೆ ಅರ್ಧ ಚಮಚ ಹಸಿ ತೊಗರಿಬೇಳೆ ಪುಡಿ ಹಾಕಿ, ಕುಲುಕಿ, ಐದರಿಂದ ಹತ್ತು ನಿಮಿಷ ಬಿಡಿ. ಕೆಂಪು ಲಿಟ್ಮಸ್ ಅದ್ದಿ ಅರ್ಧ ನಿಮಿಷ ಕಾದು ತೆಗೆಯಿರಿ. ನೀಲಿ ತಿರುಗಿದರೆ ಅನುಮಾನ ಗಟ್ಟಿ. ಪಕ್ಕದಲ್ಲಿ ಬರೀ ತೊಗರಿ ಪುಡಿ ಮತ್ತು ನೀರಿನದ್ದು ಒಂದು ಲೋಟ ಇಟ್ಟುಕೊಳ್ಳಿ, ಹೋಲಿಸೋಕೆ. ಹುರಿದ ಬೇಳೆ ನಡೆಯಲ್ಲ, ಹುರಿದರೆ ಅದರ ಕಿಣ್ವ ಸಾಯುತ್ತದೆ. ಲಿಟ್ಮಸ್ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಹೈಸ್ಕೂಲ್ ಮೇಷ್ಟ್ರನ್ನು ಕೇಳಿದರೂ ಆದೀತು.

ಮರಳಿಗೆ ಅಷ್ಟೆಲ್ಲ ಬೇಡ. ಒಂದು ಹಿಡಿ ಪುಡಿಯನ್ನು ಅಗಲ ಪಾತ್ರೆಯಲ್ಲಿ ನೀರು ಹಾಕಿ ಕದಡಿ, ಅಕ್ಕಿ ಗಾಳಿಸಿದ ಹಾಗೆ ನಿಧಾನ ಬಗ್ಗಿಸುತ್ತ ಹೋಗಿ. ತಳದಲ್ಲಿ ಉಳಿದದ್ದನ್ನು ಬೆರಳ ತುದಿಯಲ್ಲಿ ಉಜ್ಜಿದರೆ ಗೊತ್ತಾಗುತ್ತದೆ.

ಲಿಟರ್ ಒದ್ದೆ

ಮೊದಲು ಕೋಳಿ ನೀರು ಕುಡಿಯುವ ನಿಪ್ಪಲ್ ಸೋರುತ್ತಿದೆಯಾ ನೋಡಿ. ನಗಬೇಡಿ, ಹಿಂಡಿಗೆ ಬೈಯುವ ಎಷ್ಟೋ ಶೆಡ್ಡಿನಲ್ಲಿ ಒದ್ದೆ ಇರೋದು ನಿಪ್ಪಲ್ ಸಾಲಿನ ಕೆಳಗೆ ಮಾತ್ರ. ಒದ್ದೆ ಶೆಡ್ಡಿನ ತುಂಬ ಇದ್ದರೆ ಫೀಡಿನ ಕಡೆ ಬನ್ನಿ. ದಕ್ಕದ ಪ್ರೋಟೀನ್ ಜಾಸ್ತಿ ಆದರೆ ಕೋಳಿ ಅದನ್ನು ಯೂರಿಕ್ ಆಮ್ಲ ಮಾಡಿ ಹೊರಹಾಕಬೇಕು, ಅದಕ್ಕೆ ನೀರು ಜಾಸ್ತಿ ಕುಡಿಯುತ್ತದೆ. ಲೈಸಿನ್ ಕೊರತೆ ಸರಿಮಾಡೋಕೆ ಹಿಂಡಿಯನ್ನೇ ಇನ್ನೂ ಐದು ಕೆಜಿ ಸುರಿಯುವವರಿಗೆ ಇದು ಕಟ್ಟಿಟ್ಟದ್ದು: ಅಮೋನಿಯಾ ಘಾಟು, ಉರಿಯುವ ಕಣ್ಣು, ಪಾದದಲ್ಲಿ ಹುಣ್ಣು. ಅಗಸೆ ಹಿಂಡಿಯ ಲೋಳೆ ಅಂಶದಿಂದ ಹಿಕ್ಕೆ ಅಂಟಾಗುತ್ತದೆ. ಸಾಲದ್ದಕ್ಕೆ ಅದರಲ್ಲಿ ವಿಟಮಿನ್ ಬಿ6 ಕೆಲಸ ಕೆಡಿಸುವ ಅಂಶವೂ ಇದೆ. ಅಗಸೆ ಹಿಂಡಿ ದನಕ್ಕೆ ಬಿಡಿ, ಕೋಳಿಗೆ ಶೇ 3ರ ಮೇಲೆ ಬೇಡ.

ಮೊಟ್ಟೆಯಲ್ಲಿ ಎಡವಟ್ಟು

ಮೊಟ್ಟೆಯ ತೂಕ ಇಳಿದು ಸಂಖ್ಯೆ ಹಾಗೇ ಇದ್ದರೆ ಮೆಥಿಯೋನಿನ್, ಲೈಸಿನ್ ಕಡೆ ನೋಡಿ. ಚಿಪ್ಪು ತೆಳ್ಳಗಾದರೆ, ಎಳ್ಳಿನ ಹಿಂಡಿ ಜಾಸ್ತಿ ಹಾಕಿದ್ದೀರಾ ಅಂತ ಕೇಳಿಕೊಳ್ಳಿ. ಅದರ ಆಕ್ಸಲೇಟ್, ಫೈಟೇಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತವೆ. ಎಳ್ಳು ಇಳಿಸಿ, ಕಪ್ಪೆಚಿಪ್ಪಿನ ಚೂರು ಬೇರೆ ತಟ್ಟೆಯಲ್ಲಿ ಇಡಿ, ಫೈಟೇಸ್ ಕಿಣ್ವ ಸೇರಿಸಿ.

ಹಳದಿ ಪೇಲವ ಆಗಿದೆ ಅನ್ನೋ ದೂರಿಗೆ ಹಿಂಡಿ ಹೊಣೆ ಅಲ್ಲ. ಹಳದಿ ಮೆಕ್ಕೆಜೋಳ ಕಡಿಮೆ ಮಾಡಿ ನುಚ್ಚಕ್ಕಿ, ಬಿಳಿಜೋಳ ಹಾಕಿರುತ್ತೀರಿ, ಅಷ್ಟೇ.

ಆದರೆ ಹಳದಿ ಹಸಿರುಗಂದು ತಿರುಗಿದರೆ ಅದು ಹತ್ತಿಕಾಳು ಹಿಂಡಿಯ ಕೆಲಸ. ಇದಕ್ಕೆ ಕಾರಣ ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಅನ್ನೋ ವಿಷ. ಇಟ್ಟ ದಿನ ಒಡೆದರೆ ಮೊಟ್ಟೆ ಚೆನ್ನಾಗಿಯೇ ಕಾಣುತ್ತದೆ, ಕೆಲವು ವಾರ ಫ್ರಿಜ್ಜಿನಲ್ಲಿ ಇಟ್ಟ ಮೇಲೆ ಬಣ್ಣ ಬಯಲಾಗುತ್ತದೆ. ಅದೇ ಹಿಂಡಿಯಲ್ಲಿ ಉಳಿದ ಎಣ್ಣೆಯಿಂದ ಬಿಳಿ ಭಾಗ ನಸುಗೆಂಪು ಆಗುವುದೂ ಉಂಟು. ನಿಮಗೆ ಕಾಣಲ್ಲ, ಗಿರಾಕಿಗೆ ಕಾಣುತ್ತದೆ. ಗಾಸಿಪಾಲನ್ನು ಕಟ್ಟಿಹಾಕಲು ಫೆರಸ್ ಸಲ್ಫೇಟ್ ಹಾಕುತ್ತಾರೆ, ಆದರೆ ಹಿಂಡಿಯಲ್ಲಿ ಗಾಸಿಪಾಲ್ ಎಷ್ಟಿದೆ ಅಂತ ಗೊತ್ತಿಲ್ಲದೆ ಕಬ್ಬಿಣ ಎಷ್ಟು ಹಾಕ್ತೀರಿ? ಮೊಟ್ಟೆ ಮಾರುವವರು ಹತ್ತಿಕಾಳು ಹಿಂಡಿ ಮುಟ್ಟದಿರುವುದೇ ಮೇಲು ಅನ್ನೋದು ನನ್ನ ಮಾತು.

ಮೊಟ್ಟೆಗೆ ಮೀನು ವಾಸನೆ ಬಂದರೆ ಸಾಸಿವೆ ಹಿಂಡಿ. ಕಂದು ಮೊಟ್ಟೆ ಇಡುವ ಕೆಲವು ತಳಿಗಳಲ್ಲಿ ಅದರ ಸಿನಾಪಿನ್ ಅಂಶದಿಂದ ಹೀಗಾಗುತ್ತದೆ. ಎಲ್ಲ ಕೋಳಿಯ ಮೊಟ್ಟೆಗೂ ಬರುವುದಿಲ್ಲ, ಅದಕ್ಕೇ ಹಿಡಿಯೋದು ಕಷ್ಟ.

ಪುಕ್ಕ ಕೀಳುವುದು, ಕುಕ್ಕುವುದು

ಇದಕ್ಕೆ ಹಿಂಡಿಗಿಂತ, ಹಿಂಡಿ ಬಂತು ಅಂತ ತೆಗೆದುಹಾಕಿದ್ದು ಕಾರಣ ಇರುತ್ತದೆ. ಒಣಮೀನು ದುಬಾರಿ ಅಂತ ನಿಲ್ಲಿಸಿ ಹಿಂಡಿಗೆ ಹೋದವರನ್ನು ಕೇಳಿ ನೋಡಿ. ಮೀನಿನ ಜೊತೆ ಉಪ್ಪು ಹೋಯ್ತು, ಕ್ಯಾಲ್ಸಿಯಂ, ರಂಜಕ ಹೋಯ್ತು, ಮೆಥಿಯೋನಿನ್ ಹೋಯ್ತು, ವಿಟಮಿನ್ ಬಿ12 ಹೋಯ್ತು. ಬಿ12 ಯಾವ ಹಿಂಡಿಯಲ್ಲೂ ಇಲ್ಲ. ಮೀನಿನಲ್ಲಿ ಉಪ್ಪಿದೆ ಅಂತ ಫೀಡಿಗೆ ಉಪ್ಪು ಹಾಕದೆ ಬಿಟ್ಟವರು, ಮೀನು ನಿಲ್ಲಿಸಿದ ಮೇಲೂ ಹಾಕಿರುವುದಿಲ್ಲ. ಉಪ್ಪು ಕಡಿಮೆ ಆದ ಕೋಳಿ ಪಕ್ಕದ ಕೋಳಿಯ ಪುಕ್ಕ ಕೀಳುತ್ತದೆ. ಉಪ್ಪು, ವಿಟಮಿನ್ ಮತ್ತು ಮಿನರಲ್ ಮಿಶ್ರಣ ಸರಿ ಮಾಡಿ, ಆಮೇಲೆ ಮುಂದಿನ ಮಾತು.

ಬೂಸ್ಟು

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಮರಿ ಸತ್ತವು. ಏನು ರೋಗ ಅಂತ ತಿಳಿಯದೆ ಟರ್ಕಿ ಎಕ್ಸ್ ಅಂತ ಹೆಸರಿಟ್ಟರು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ, ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಶಿಲೀಂಧ್ರ. ಆ ಶಿಲೀಂಧ್ರ ಬಿಡುವ ಅಫ್ಲಾಟಾಕ್ಸಿನ್ ವಿಷ ಜಗತ್ತಿಗೆ ಗೊತ್ತಾಗಿದ್ದು ಹಾಗೆ. ಕಡಲೆಕಾಯಿ ಹಿಂಡಿಗೆ ಅಂಟಿದ ಈ ಕಳಂಕ ಇವತ್ತಿಗೂ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ.

ಕೊಯ್ಲಿನ ಹೊತ್ತಿಗೆ ಮಳೆ ಸಿಕ್ಕ ಕಡಲೆಕಾಯಿ, ಸರಿಯಾಗಿ ಒಣಗದ ಕಾಯಿ, ಮಿಲ್ಲಿಗೆ ಹೋದ ಸುಕ್ಕುಗಟ್ಟಿದ ಬೀಜ, ನೆಲದ ಮೇಲೆ ಪೇರಿಸಿದ ಚೀಲ, ಇವೆಲ್ಲ ಸೇರಿ ವಿಷ ಆಗುತ್ತದೆ. ಬಿಲ್ಲೆಯನ್ನು ಹೊರಗಿನಿಂದ ನೋಡಿದರೆ ಸಾಲದು, ಮುರಿದು ಒಳಮೈ ನೋಡಿ. ಹಳದಿ ಹಸಿರು ಧೂಳು, ಬೂದು ಜೇಡರಬಲೆಯಂಥ ಎಳೆ, ಮುಗ್ಗಲು ವಾಸನೆ ಇದ್ದರೆ ಅಲ್ಲೇ ಬಿಡಿ. ಆದರೆ ಏನೂ ಕಾಣದಿದ್ದರೆ ಹಿಂಡಿ ಶುದ್ಧ ಅಂತ ಅಲ್ಲ. ಶಿಲೀಂಧ್ರ ಸತ್ತರೂ ವಿಷ ಉಳಿಯುತ್ತದೆ. ಹಿಂಡಿಯನ್ನು ಬಿಸಿಲಿಗೆ ಹಾಕಿದರೆ, ಹುರಿದರೆ ಬೂಸ್ಟಿನ ವಾಸನೆ ಹೋಗಬಹುದು, ವಿಷ ಹೋಗುವುದಿಲ್ಲ.

ಕೋಳಿಯಲ್ಲಿ ಗುರುತು: ಜುಟ್ಟು ಪೇಲವ, ಕಾಲು ಬಿಳಚಿದಂತೆ, ತೂಕ ಇಲ್ಲ, ತೊಡೆ ರೆಕ್ಕೆಯ ಕೆಳಗೆ ಕಂದುಗಟ್ಟಿದ ಕಲೆ, ಮೊಟ್ಟೆ ನಿಧಾನ ಇಳಿಕೆ. ಲಸಿಕೆ ಹಾಕಿದ್ದರೂ ಕೊಕ್ಕರೆ ರೋಗ, ಗುಂಬೋರೋ ರೋಗ ಬಂದುಬಿಡುತ್ತದೆ. ಯಾಕೆಂದರೆ ಈ ವಿಷ ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಒಂದೆರಡು ಸತ್ತಿದ್ದರೆ ವೈದ್ಯರ ಕೈಯಲ್ಲಿ ಕೊಯ್ಯಿಸಿ ಲಿವರ್ ನೋಡಿ. ಆರೋಗ್ಯದ ಲಿವರ್ ಗಾಢ ಕೆಂಗಂದು, ಅಂಚು ಚೂಪು. ಅಫ್ಲಾಟಾಕ್ಸಿನ್ ತಿಂದದ್ದು ಹಳದಿ ತಿರುಗಿ, ಊದಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಒಂದು ಎಚ್ಚರ: ಮೊಟ್ಟೆ ಇಡುವ ಕೋಳಿಯ ಲಿವರ್ ಕೊಬ್ಬಿನಿಂದ ಹೇಗೂ ಸ್ವಲ್ಪ ಹಳದಿ ಇರುತ್ತದೆ, ಅದನ್ನು ನೋಡಿ ಗಾಬರಿ ಬೀಳಬೇಡಿ. ಹಳೇ ಫೀಡಿನ ಕೋಳಿಯ ಲಿವರ್ ಪಕ್ಕದಲ್ಲಿ ಇಟ್ಟು ಹೋಲಿಸಿ.

ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಕೋಳಿ ಆಹಾರದ ಮಾನದಂಡ ಅಫ್ಲಾಟಾಕ್ಸಿನ್ನಿನ ಬಿ1 ಬಗೆಗೆ 20 ಪಿಪಿಬಿ ಮಿತಿ ಇಟ್ಟಿದೆ. ಅಂದರೆ ಒಂದು ಟನ್ ಫೀಡಿನಲ್ಲಿ 20 ಮಿಲಿಗ್ರಾಂ. 100 ಪಿಪಿಬಿ ಇರುವ ಹಿಂಡಿ ಶೇ 15 ಹಾಕಿದರೆ ಅದರಿಂದಲೇ 15 ಬಂತು, ಉಳಿದ 5ನ್ನು ಮೆಕ್ಕೆಜೋಳ ತುಂಬಿಬಿಡುತ್ತದೆ. ಆದ್ದರಿಂದ ಹಿಂಡಿಯದೂ, ಮಿಕ್ಸ್ ಆದ ಫೀಡಿನದೂ ಎರಡನ್ನೂ ಪರೀಕ್ಷೆ ಮಾಡಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಅಥವಾ ನಿಮ್ಮ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಎಲ್ಲಿ ಮಾಡಿಸಬೇಕು ಅಂತ ಹೇಳುತ್ತಾರೆ. ಸ್ಯಾಂಪಲ್ ತೆಗೆಯುವುದರಲ್ಲೇ ಅರ್ಧ ಪರೀಕ್ಷೆ ಇದೆ. ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಗಡ್ಡೆಯಲ್ಲಿ ಕೂತಿರುತ್ತದೆ. ಹತ್ತಾರು ಚೀಲದ ಮೇಲೆ, ಮಧ್ಯ, ತಳದಿಂದ ಹಿಡಿ ಹಿಡಿ ತೆಗೆದು, ಪುಡಿ ಮಾಡಿ ಬೆರೆಸಿ, ಅದರಲ್ಲಿ ಅರ್ಧ ಕೆಜಿ ಕಳಿಸಿ. ತೇವ ಇರುವ ಸ್ಯಾಂಪಲ್ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ದಾರಿಯಲ್ಲೇ ಬೂಸ್ಟು ಬೆಳೆಯುತ್ತದೆ, ಕಾಗದದ ಅಥವಾ ಬಟ್ಟೆಯ ಚೀಲ ಬಳಸಿ. ಜೊತೆಗೆ ತೇವಾಂಶ, ನಾರು, ಮರಳು, ಪ್ರೋಟೀನ್ ಅಲ್ಲದ ಸಾರಜನಕ, ಇವನ್ನೂ ಕೇಳಿ. ಬರೀ ಪ್ರೋಟೀನ್ ಸಂಖ್ಯೆ ತಂದುಕೊಂಡು ಕೂತರೆ ಯೂರಿಯಾ ಕಥೆಯೇ ಮತ್ತೆ.

ವಿಷವನ್ನು ಹಿಡಿದಿಟ್ಟುಕೊಳ್ಳುವ ಟಾಕ್ಸಿನ್ ಬೈಂಡರ್ ಬೆಂಟೊನೈಟ್ ಜೇಡಿಯದ್ದೂ ಇದೆ, ಯೀಸ್ಟ್ ಗೋಡೆಯದ್ದೂ ಇದೆ. ಸ್ವಲ್ಪ ವಿಷ ಇದ್ದರೆ ಸಹಾಯ ಮಾಡುತ್ತವೆ. ಬೂಸ್ಟು ಕಣ್ಣಿಗೆ ಕಾಣುವ ಹಿಂಡಿಯನ್ನು ಬೈಂಡರ್ ನಂಬಿ ಹಾಕುವುದು ಬೇಡವೇ ಬೇಡ. ಇನ್ನು ಮುಂದೆ ಬರುವ ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಪೇರಿಸಿ. ಮಳೆಗಾಲದಲ್ಲಿ ಎರಡು ವಾರಕ್ಕೆ ಬೇಕಾದಷ್ಟು ಮಾತ್ರ ತನ್ನಿ.

ಒಂದೆರಡು ದಿನದಲ್ಲಿ ತುಂಬ ಸತ್ತರೆ

ಫೀಡ್ ತಕ್ಷಣ ನಿಲ್ಲಿಸಿ, ಮಾದರಿ ಎತ್ತಿಡಿ, ಪಶು ಆಸ್ಪತ್ರೆಗೆ ತಿಳಿಸಿ, ಸತ್ತ ಕೋಳಿಯನ್ನು ನೀವೇ ಕೊಯ್ಯಬೇಡಿ. ಹಕ್ಕಿಜ್ವರ ಅಲ್ಲ ಅಂತ ಖಾತ್ರಿ ಆಗಬೇಕು. ಹಿಂಡಿಯ ಕಡೆಯಿಂದ ಹೀಗಾದರೆ ನನ್ನ ಮೊದಲ ಅನುಮಾನ ಹರಳಿನ ಮೇಲೆ. ಹರಳು ಹಿಂಡಿ, ಹೊಂಗೆ ಹಿಂಡಿ, ಬೇವಿನ ಹಿಂಡಿ ಗೊಬ್ಬರದ ಹಿಂಡಿಗಳು. ಹರಳಿನಲ್ಲಿ ರಿಸಿನ್ ಅನ್ನೋ ಕಡು ವಿಷ ಇದೆ. ಕಾಳಿನ ಹಿಂಡಿಯ ಜೊತೆ ಅದನ್ನೂ ಅರೆಯುವ ಮಿಲ್ಲಿನಲ್ಲಿ ಅಥವಾ ಗೊಬ್ಬರದ ಅಂಗಡಿಯ ಗೋದಾಮಿನಲ್ಲಿ ಚೀಲ ಅದಲು ಬದಲಾಗುವುದು ಕಷ್ಟವೇನಲ್ಲ. ಹಿಂಡಿಯ ಚೂರಿನಲ್ಲಿ ಹೊಳಪಿನ ಚುಕ್ಕೆ ಚುಕ್ಕೆ ಸಿಪ್ಪೆ ಕಂಡರೆ ಹರಳು ಸೇರಿರಬಹುದು. ಕೊಳ್ಳುವಾಗಲೇ ಮಿಲ್ಲಿನವರನ್ನು ಕೇಳಿ: ಈ ಗಾಣದಲ್ಲಿ ಇದಕ್ಕೆ ಮುಂಚೆ ಏನು ಆಡಿಸಿದ್ದಿರಿ?

ಕೊನೆಗೆ ಉಳಿಯುವ ಪ್ರಶ್ನೆ, ಕೋಳಿಗೆ ಬೇಡ ಅಂತ ತೆಗೆದಿಟ್ಟ ಚೀಲ ಏನು ಮಾಡೋದು. ಸುಮ್ನೆ ದಂಡ ಆಗುತ್ತಲ್ಲ ಅಂತ ಹಸುವಿಗೆ ಹಾಕುತ್ತಾರೆ. ನಾರು ಜಾಸ್ತಿ ಇರುವ ಸೂರ್ಯಕಾಂತಿ ಆದರೆ ಹಾಕಿ, ಹಸುವಿಗೆ ಅದು ಒಳ್ಳೇದೇ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ಮಾತ್ರ ಬೇಡ. ಹಸು ತಿಂದ ಅಫ್ಲಾಟಾಕ್ಸಿನ್ ಬಿ1 ಹಾಲಿನಲ್ಲಿ ಎಂ1 ಅನ್ನೋ ವಿಷವಾಗಿ ಹೊರಬರುತ್ತದೆ, ಆ ಹಾಲು ಕುಡಿಯೋದು ಮನೆಯ ಮಕ್ಕಳೇ. ಅದನ್ನು ಗೊಬ್ಬರದ ಗುಂಡಿಗೆ ಹಾಕಿ, ನೀರು ಚಿಮುಕಿಸಿ, ಮೇಲೆ ಮಣ್ಣು ಮುಚ್ಚಿ. ಹಾಕುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ನಿಮಗೂ ಒಳ್ಳೇದಲ್ಲ.